ಮಾಲ್ಥಸ್ ಪಂಡಿತನ ಜೀವಿತವೂ ಅವನ ಲೆಕ್ಕವೂ

ದೇಶದಲ್ಲಿ ಅನ್ನಕ್ಕೆ ತೊಡಕಾದಾಗಲೆಲ್ಲ, ಪಟ್ಟಣಗಳಲ್ಲಿ ನೀರಿಗೂ ಮನೆಗೂ ಉದ್ಯೋಗಕ್ಕೂ ನೂಕುನುಗ್ಗಲಾದಾಗಲೆಲ್ಲ, ಜನ ಹೆಚ್ಚಾದರೆಂಬ ಮಾತು ಕಚೇರಿಗಳಲ್ಲಿಯೂ ಕ್ಲಬ್ಬುಗಳಲ್ಲಿಯೂ ರೈಲು ಗಾಡಿಗಳಲ್ಲಿಯೂ ನಮ್ಮ ಕಿವಿಗೆ ಬೀಳುತ್ತದೆ. ಆ ಮಾತನ್ನಾಡುವವರು ತಿಳಿದೋ ತಿಳಿಯದೆಯೋ ಎರಡು ಶತಮಾನಗಳ ಹಿಂದೆ ಬಾಳಿದ ಒಬ್ಬ ಇಂಗ್ಲಿಷ್ ಪಾದ್ರಿಯ ಶಿಷ್ಯರೇ ಸರಿ. ಥಾಮಸ್ ರಾಬರ್ಟ್ ಮಾಲ್ಥಸ್ ಎಂಬ ಆ ಮಹಾಶಯನ ಹೆಸರನ್ನು ಕೆಲವರು ಬೈಗುಳದಂತೆಯೂ ಕೆಲವರು ಆಪ್ತವಾಕ್ಯದಂತೆಯೂ ಉಚ್ಚರಿಸುತ್ತಾರೆ. ಆತನು ತನ್ನ ಆಯುಷ್ಯದ ಇಪ್ಪತ್ತೊಂಬತ್ತು ವರ್ಷಗಳನ್ನು ಈಸ್ಟ್ ಇಂಡಿಯಾ ಕಂಪೆನಿಯ ಉಪ್ಪುಂಡು ಕಳೆದನೆಂಬುದೂ, ನಮ್ಮನ್ನಾಳುವುದಕ್ಕೆಂದು ಸಿದ್ಧರಾಗುತ್ತಿದ್ದ ಹುಡುಗರಿಗೆ ಗುರುವಾಗಿದ್ದನೆಂಬುದೂ ಬಹುಮಂದಿಗೆ ತಿಳಿಯದು. ಆದುದರಿಂದ ಆತನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮಾಲ್ಥಸನು 1766ನೆಯ ಇಸವಿಯ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಸರೆ ಪ್ರಾಂತದ ಡಾರ್ಕಿಂಗ್ ಪಟ್ಟಣದ ಸಮೀಪದಲ್ಲಿ ಹುಟ್ಟಿದನು. ತಂದೆ ಡೇನಿಯಲ್ ಮಾಲ್ಥಸನು ಸ್ಥಿತಿವಂತನು, ವಿದ್ಯಾವಿನೋದಿ, ಫ್ರೆಂಚ್ ತತ್ತ್ವಜ್ಞನಾದ ರೂಸೋವಿನ ಪರಮಭಕ್ತನು. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ರೂಸೋವೂ ಹ್ಯೂಮ್ ಪಂಡಿತನೂ ಆ ಮನೆಗೆ ಅತಿಥಿಗಳಾಗಿ ಬಂದಿದ್ದರಂತೆ. ಹುಡುಗನು ಸೀಳ್ದುಟಿಯವನಾಗಿ ಹುಟ್ಟಿದನು. ಮಾತು ಸ್ಪಷ್ಟವಾಗಿ ಹೊರಡುತ್ತಿರಲಿಲ್ಲ. ಆ ಕುಂದು ಕೊನೆಯವರೆಗೂ ಉಳಿಯಿತು. ಆದರೆ ಬುದ್ಧಿಗೆ ಯಾವ ಕುಂದೂ ಇರಲಿಲ್ಲ. ಖಾಸಗಿ ಗುರುಗಳಲ್ಲಿ ಓದಿ, 1784ರಲ್ಲಿ ಕೇಂಬ್ರಿಜ್ಜಿನ ಜೀಸಸ್ ಕಾಲೇಜನ್ನು ಸೇರಿ, 1788ರ ಗಣಿತ ಪರೀಕ್ಷೆಯಲ್ಲಿ ಒಂಬತ್ತನೆಯವನಾಗಿ ತೇರ್ಗಡೆಯಾದನು. ಬಳಿಕ ಪಾದ್ರಿಯ ದೀಕ್ಷೆಯನ್ನು ವಹಿಸಿ, ಸರೆಯ ಓಕ್‌ವುಡ್ ಎಂಬ ಕುಗ್ರಾಮದ ಚಿಕ್ಕ ಚರ್ಚಿನಲ್ಲಿ ಉಪಪಾದ್ರಿಯಾದನು.

ಆ ಹಳ್ಳಿಯ ಜನ ಕಡುಬಡವರು. ತಗ್ಗು ಗುಡಿಸಲುಗಳಲ್ಲಿ ವಾಸ, ರೊಟ್ಟಿಯೇ ಮುಖ್ಯಾಹಾರ. ಗಣಿತವನ್ನು ಓದಿದ ಪಾದ್ರಿಯ ಕಣ್ಣಿಗೆ ಚರ್ಚಿನ ದಫ್ತರವು ಒಂದು ವಿಷಯವನ್ನು ತೋರಿಸಿತು. ನಾಮಕರಣಕ್ಕೆ ಬರುವ ಕೂಸುಗಳ ಸಂಖ್ಯೆ ಹೆಚ್ಚು, ಗೋರಿಗೆ ಹೋಗುವವರ ಸಂಖ್ಯೆ ಕಡಿಮೆ. ಬಡತನವೆಷ್ಟೇ ಇರಲಿ, ಜನ ಬೆಳೆಯುತ್ತಲೇ ಇದ್ದಾರೆ. ಅವರ ತಟ್ಟೆಯ ರೊಟ್ಟಿ ಬೆಳೆಯುತ್ತಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲವೆಂದು ನಮ್ಮ ಹಿರಿಯರು ನಂಬಿ ಬಾಳಿದರಷ್ಟೆ. ಆ ದೇವರ ಸೇವಕನಾಗಿದ್ದ ಮಾಲ್ಥಸನಿಗೇ ಆ ನಂಬಿಕೆ ಸಡಿಲಿತು.

ಅದು ಫ್ರೆಂಚ್ ಮಹಾಕ್ರಾಂತಿಯ ಕಾಲ. ಇಂಗ್ಲೆಂಡಿನಲ್ಲಿ ಗಾಡ್ವಿನ್, ಫ್ರಾನ್ಸಿನಲ್ಲಿ ಕಾಂಡೋರ್ಸೆ ಮೊದಲಾದವರು, ಮನುಷ್ಯನ ವಿವೇಕವು ಬೆಳೆದಂತೆ ದಾರಿದ್ರ್ಯವೂ ಅನ್ಯಾಯವೂ ತಾವಾಗಿ ಅಳಿಯುವುವೆಂದು ಸಾರುತ್ತಿದ್ದರು. ಮುದಿ ತಂದೆಗೆ ಈ ಮಾತು ರುಚಿಸಿತು, ಪ್ರಾಯದ ಮಗನಿಗೆ ರುಚಿಸಲಿಲ್ಲ. ಲೋಕದಲ್ಲಿ ಸಾಮಾನ್ಯವಾಗಿ ಕಾಣುವುದಕ್ಕೆ ಇದು ವಿಪರೀತವೇ. ತಂದೆಮಕ್ಕಳಲ್ಲಿ ನಡೆದ ಈ ವಾದದಿಂದಲೇ 1798ರಲ್ಲಿ ಜನಸಂಖ್ಯಾತತ್ತ್ವವನ್ನು ಕುರಿತ ಪ್ರಬಂಧವು ಹುಟ್ಟಿತು. ಮೊದಲನೆಯ ಮುದ್ರಣದಲ್ಲಿ ಗ್ರಂಥಕರ್ತನ ಹೆಸರಿರಲಿಲ್ಲ.

ಆ ಗ್ರಂಥದ ಸಾರವನ್ನು ಎರಡು ಸಾಲು ಅಂಕಿಗಳಲ್ಲಿ ಹೇಳಬಹುದು. ಅಡೆತಡೆಯಿಲ್ಲದಿದ್ದರೆ ಜನಸಂಖ್ಯೆಯು 25 ವರ್ಷಗಳಿಗೊಮ್ಮೆ ಇಮ್ಮಡಿಸುವುದು. ಅಮೆರಿಕದ ವಸಾಹತುಗಳಲ್ಲಿ ಹಾಗಾಗಿತ್ತೆಂಬುದು ಆತನ ಆಧಾರ. ಎಂದರೆ 1, 2, 4, 8, 16 ಎಂಬ ಕ್ರಮ. ಅನ್ನವಾದರೋ ಹೆಚ್ಚೆಂದರೆ 1, 2, 3, 4, 5 ಎಂಬ ಕ್ರಮದಲ್ಲಿ ಮಾತ್ರ ಹೆಚ್ಚೀತು. ಎರಡು ನೂರು ವರ್ಷಗಳು ಸಂದರೆ ಉಣ್ಣುವವರು 256 ಪಾಲು, ಅನ್ನ 9 ಪಾಲು. ಚದುರಂಗದ ಮಣೆಯ ಮನೆಮನೆಗೂ ಕಾಳನ್ನು ಇಮ್ಮಡಿಸಿ ಕೊಡೆಂದು ಕೇಳಿ ಅರಸನ ಕಣಜವನ್ನೇ ಬರಿದುಮಾಡಿದವನ ಕಥೆಯನ್ನು ಬಲ್ಲ ನಮ್ಮವರಿಗೆ ಈ ಲೆಕ್ಕದ ಭಯಂಕರತ್ವವನ್ನು ವಿವರಿಸಬೇಕಾಗಿಲ್ಲ. ಹಾಗಾದರೆ ಲೋಕವು ಈವರೆಗೆ ಹೇಗೆ ಉಳಿಯಿತು? ಕ್ಷಾಮ, ರೋಗ, ಯುದ್ಧ, ದುರ್ನಡತೆ ಇವು ಜನರನ್ನು ತರಿದು ತರಿದು ಅನ್ನದ ಅಳತೆಗೆ ತಂದು ನಿಲ್ಲಿಸಿದುವೆಂಬುದೇ ಆತನ ಉತ್ತರ. ಬಡವರಿಗೆ ಊರಿನ ತೆರಿಗೆಯಿಂದ ಕೊಡುವ ಸಹಾಯವು ಅವರು ಬೇಗ ಮದುವೆಯಾಗುವುದಕ್ಕೂ ಮಕ್ಕಳನ್ನು ಹೆಚ್ಚಿಸುವುದಕ್ಕೂ ಕಾರಣವಾಗಿ ಬಡತನವನ್ನೇ ಬೆಳೆಸುವುದೆಂದೂ ಆತನು ವಾದಿಸಿದನು.

ಪುಸ್ತಕವು ಕೋಲಾಹಲವನ್ನೆಬ್ಬಿಸಿತು. ಮಾಲ್ಥಸನು ವಾದಕ್ಕಿಂತ ಸಾಕ್ಷ್ಯವನ್ನು ಹೆಚ್ಚಾಗಿ ಬಯಸುವವನಾದುದರಿಂದ, 1799ರಲ್ಲಿ ಸ್ವೀಡನ್, ನಾರ್ವೆ, ರಷ್ಯಾಗಳನ್ನೂ, 1802ರಲ್ಲಿ ಫ್ರಾನ್ಸ್, ಸ್ವಿಜರ್ಲೆಂಡುಗಳನ್ನೂ ಸುತ್ತಿ, ಮದುವೆಯ ವಯಸ್ಸು, ಧಾನ್ಯದ ಧಾರಣೆ, ಜನನಮರಣಗಳ ವಿವರಗಳನ್ನು ಸಂಗ್ರಹಿಸಿದನು. ಅಷ್ಟರಲ್ಲಿ 1801ರಲ್ಲಿ ಬ್ರಿಟನ್ನಿನ ಮೊದಲನೆಯ ಖಾನೇಷುಮಾರಿಯೂ ನಡೆಯಿತು. ಇಂಗ್ಲೆಂಡು ಮತ್ತು ವೇಲ್ಸುಗಳ ಜನ 89 ಲಕ್ಷವೆಂದು ಗೊತ್ತಾಯಿತು. 1803ರಲ್ಲಿ ಆತನ ಗ್ರಂಥವು ಬಹುವಾಗಿ ಬೆಳೆದು, ಹೆಸರಿನೊಡನೆ ಎರಡನೆಯ ಸಲ ಹೊರಬಂದಿತು. ಇದರಲ್ಲಿ ಹೊಸದೊಂದು ಮಾತಿತ್ತು: ಸಂಸಾರವನ್ನು ಸಾಕುವ ಶಕ್ತಿ ಬರುವವರೆಗೆ ಶುದ್ಧಾಚಾರದಿಂದಿದ್ದು ಮದುವೆಯನ್ನು ಮುಂದಕ್ಕೆ ಹಾಕಬೇಕು, ಈ ಸಂಯಮದಿಂದ ಕ್ಷಾಮರೋಗಗಳ ಕೆಲಸವನ್ನು ಮನುಷ್ಯನು ತಾನೇ ನೋವಿಲ್ಲದೆ ಮಾಡಿಕೊಳ್ಳಬಹುದು. ಮದುವೆಯಾದವರು ಕೃತಕೋಪಾಯಗಳಿಂದ ಗರ್ಭವನ್ನು ತಡೆಯುವುದನ್ನು ಮಾತ್ರ ಆತನು ಪಾಪವೆಂದೇ ತಿಳಿದಿದ್ದನು. ಇಂದು ಸಂತತಿ ನಿಯಂತ್ರಣಕ್ಕೆ ಆತನ ಹೆಸರನ್ನು ಅಂಟಿಸುವವರು ಇದನ್ನು ನೆನೆಯಬೇಕು.

ಅದೇ ಮುದ್ರಣದಲ್ಲಿ ಒಂದು ಕ್ರೂರವಾದ ದೃಷ್ಟಾಂತವೂ ಇತ್ತು. ಪ್ರಕೃತಿಯ ಔತಣದಲ್ಲಿ ಎಲೆ ತುಂಬಿಹೋದ ಮೇಲೆ ಬಂದವನಿಗೆ ಕುಳಿತುಕೊಳ್ಳುವ ಹಕ್ಕಿಲ್ಲ, ಆಕೆಯೇ ಅವನನ್ನು ಎಬ್ಬಿಸಿ ಕಳುಹಿಸುವಳೆಂಬುದು ಅದರ ತಾತ್ಪರ್ಯ. ಪಂಕ್ತಿಗೆ ಬಂದ ಹಸಿದವನನ್ನು ಎಬ್ಬಿಸುವುದು ಮಹಾಪಾತಕವೆಂದು ಕಲಿತ ನಮ್ಮ ನಾಡಿನವರಿಗೆ ಮಾತ್ರವಲ್ಲ, ಆತನ ನಾಡಿನವರಿಗೂ ಇದು ಸಹಿಸಲಿಲ್ಲ. 1806ರ ಮುದ್ರಣದಲ್ಲಿ ಆತನು ಅದನ್ನು ತೆಗೆದುಹಾಕಿದನು, ಲೋಕವು ಮರೆಯಲಿಲ್ಲ.

ಉಪದೇಶಿಸಿದಂತೆ ನಡೆದವನೆಂಬ ಕೀರ್ತಿಯನ್ನು ಮಾಲ್ಥಸನಿಗೆ ಕೊಡಲೇಬೇಕು. ಆತನು ವಿವಾಹವಾದುದು 1804ರಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ. ಹ್ಯಾರಿಯೆಟ್ ಎಂಬ ಬಂಧುವಿನ ಮಗಳು ಆತನ ಪತ್ನಿ. ಹನ್ನೊಂದು ಹೆಣ್ಣುಮಕ್ಕಳ ತಂದೆಯೆಂದು ಹಾಸ್ಯಗಾರರು ಹಬ್ಬಿಸಿದ ಕಥೆ ಶುದ್ಧ ಸುಳ್ಳು. ಆತನಿಗಿದ್ದುದು ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಅವರಲ್ಲಿ ಕಿರಿಯಳು ಹದಿಹರೆಯದಲ್ಲಿಯೇ ತೀರಿಕೊಂಡಳು. ಆತನನ್ನು ಬಲ್ಲವರೆಲ್ಲರೂ ಆತನು ಸೌಮ್ಯನು, ಕೋಪವಿಲ್ಲದವನು, ಸ್ನೇಹಪರನೆಂದೇ ಹೇಳಿದ್ದಾರೆ. ಅರ್ಥಶಾಸ್ತ್ರದಲ್ಲಿ ಪ್ರತಿವಾದಿಯಾಗಿದ್ದ ರಿಕಾರ್ಡೋವಿನೊಡನೆ ಪತ್ರಮುಖೇನ ವರ್ಷಗಟ್ಟಲೆ ವಾದಿಸಿದರೂ ಮೈತ್ರಿಗೆ ಭಂಗ ಬರಲಿಲ್ಲ. ಕಠಿಣವಾದ ಸಿದ್ಧಾಂತವು ಕಠಿಣಹೃದಯನಿಂದಲೇ ಬರಬೇಕೆಂಬ ನಿಯಮವಿಲ್ಲ.

ಈಗ ನಮಗೆ ಹತ್ತಿರದ ಭಾಗಕ್ಕೆ ಬರೋಣ. 1805ರಲ್ಲಿ ಕಂಪೆನಿಯು ಭಾರತಕ್ಕೆ ಕಳುಹಿಸುವ ಸಿವಿಲ್ ನೌಕರರ ಶಿಕ್ಷಣಕ್ಕಾಗಿ ಸ್ಥಾಪಿಸುತ್ತಿದ್ದ ಕಾಲೇಜಿನಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರದ ಅಧ್ಯಾಪಕನಾಗಿ ಮಾಲ್ಥಸನು ನಿಯಮಿತನಾದನು. ಕಾಲೇಜು ಮೊದಲು ಹರ್ಟ್‌ಫರ್ಡಿನಲ್ಲಿದ್ದು, 1809ರಲ್ಲಿ ಹೇಲಿಬರಿಗೆ ಹೋಯಿತು. ಹದಿನೈದು ಹದಿನಾರರ ಹುಡುಗರು ಅಲ್ಲಿ ಸಂಸ್ಕೃತ, ಪಾರಸಿಗಳೊಡನೆ ಅರ್ಥಶಾಸ್ತ್ರವನ್ನೂ ಕಲಿತು, ಇಪ್ಪತ್ತು ತುಂಬುವ ಹೊತ್ತಿಗೆ ನಮ್ಮ ಜಿಲ್ಲೆಗಳಿಗೆ ಬಂದಿಳಿಯುತ್ತಿದ್ದರು. ಜನಸಂಖ್ಯೆಯ ಮೇಷ್ಟ್ರೆಂಬ ಅರ್ಥದಲ್ಲಿ ಅವರು ಗುರುವಿಗೆ ಪಾಪ್ ಎಂದು ಅಡ್ಡಹೆಸರಿಟ್ಟಿದ್ದರು. ಹುಡುಗರ ದೊಂಬಿಯಿಂದ ಕಾಲೇಜಿಗೆ ಅಪಕೀರ್ತಿ ಬಂದಾಗ ಅದರ ಪರವಾಗಿ ಲೇಖನಿ ಹಿಡಿದವನೂ ಆತನೇ. 1834ರವರೆಗೆ ಆತನು ಆ ಪೀಠವನ್ನು ಬಿಡಲಿಲ್ಲ. ಭಾರತವನ್ನು ಒಮ್ಮೆಯೂ ಕಾಣದಿದ್ದ ಈ ಮನುಷ್ಯನು ಒಂದು ತಲೆಮಾರಿನ ಕಲೆಕ್ಟರುಗಳ ಬುದ್ಧಿಯನ್ನು ತಿದ್ದಿದನೆಂದರೆ ಅತ್ಯುಕ್ತಿಯಲ್ಲ.

ಅದರ ಫಲವು ಮೊದಲು ಕಂದಾಯದಲ್ಲಿ ಕಂಡಿತು. ಗೇಣಿಯ ಸ್ವರೂಪವನ್ನು ಕುರಿತು 1815ರಲ್ಲಿ ಮಾಲ್ಥಸನು ಒಂದು ಪುಸ್ತಕವನ್ನು ಪ್ರಕಟಿಸಿದ್ದನು. ಬೇಸಾಯದ ಖರ್ಚೂ ಬೇಸಾಯಗಾರನ ನ್ಯಾಯವಾದ ಲಾಭವೂ ಕಳೆದು ಮಿಕ್ಕುದೇ ಗೇಣಿ ಎಂಬುದು ತತ್ತ್ವ. ಆತನ ಮೆಚ್ಚಿನ ಶಿಷ್ಯನಾದ ಪ್ರಿಂಗಲ್ ಎಂಬವನು 1820ರ ದಶಕದ ಕೊನೆಯಲ್ಲಿ ಪುಣೆಯ ಸೀಮೆಯಲ್ಲಿ ಈ ತತ್ತ್ವವನ್ನು ಹೊಲಕ್ಕೆ ಹಿಡಿದು, ನಿವ್ವಳ ಹುಟ್ಟುವಳಿಯಲ್ಲಿ ನೂರಕ್ಕೆ 55 ಪಾಲು ಸರಕಾರದ್ದೆಂದು ಗೊತ್ತುಮಾಡಿದನು. ಕಾಗದದ ಮೇಲೆ ಇದು ನ್ಯಾಯವಾಗಿ ತೋರಿತು. ಹೊಲದಲ್ಲಿ ಅಳತೆ ತಪ್ಪಿತು, ಲೆಕ್ಕ ತಪ್ಪಿತು, ಕೆಳಗಿನ ನೌಕರರ ಲಂಚವೂ ಸೇರಿತು. ರೈತರು ಭೂಮಿಯನ್ನು ಬಿಟ್ಟುಹೋದರು. ಕೊನೆಗೆ ಸರಕಾರವು ಆ ಸರ್ವೆಯನ್ನೇ ಕೈಬಿಟ್ಟು, 1835ರಿಂದ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬವರ ಕೈಯಲ್ಲಿ ಮಣ್ಣಿನ ಗುಣವನ್ನೂ ರೈತನ ಶಕ್ತಿಯನ್ನೂ ನೋಡಿ ನಡೆಯುವ ಬೇರೊಂದು ಸರ್ವೆಯನ್ನು ಮಾಡಿಸಬೇಕಾಯಿತು. ಮುಂದೆ ನಮ್ಮ ಧಾರವಾಡ, ಬೆಳಗಾವಿ ಸೀಮೆಗಳಿಗೂ ಬಂದುದು ಈ ಎರಡನೆಯ ಕ್ರಮವೇ.

ಎರಡನೆಯ ಫಲವು ಇನ್ನೂ ಘೋರವಾದುದು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮವುಂಟಾದಾಗ, ಇಂಗ್ಲಿಷ್ ಖಜಾನೆಯಲ್ಲಿ ಪರಿಹಾರಕಾರ್ಯದ ಸೂತ್ರವನ್ನು ಹಿಡಿದವನು ಹೇಲಿಬರಿಯಲ್ಲಿ ಓದಿದ ಟ್ರೆವೆಲ್ಯನ್. ಸಹಾಯ ಹೆಚ್ಚಾದರೆ ಜನ ಸೋಮಾರಿಗಳಾಗುವರು, ವ್ಯಾಪಾರದ ಹಾದಿಗೆ ಸರಕಾರ ಅಡ್ಡಬರಬಾರದು ಎಂಬುದು ಆತನ ಧೋರಣೆ. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶವನ್ನು ಬಿಟ್ಟುಹೋದರು. ಈ ಟ್ರೆವೆಲ್ಯನ್ನೇ 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದನು.

ನಮ್ಮ ನಾಡಿನ ಸರದಿ 1876ರಲ್ಲಿ ಬಂದಿತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಅಜ್ಜಅಜ್ಜಿಯರು ನಡುಗುತ್ತ ಹೇಳುತ್ತಿದ್ದುದು ಅದನ್ನೇ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1871ರ ಖಾನೇಷುಮಾರಿಯಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರಿನ ಜನ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ವೈಸರಾಯ್ ಲಿಟ್ಟನನು 1877ರ ಹೊಸವರ್ಷದ ದಿನ ದೆಹಲಿಯಲ್ಲಿ ದರ್ಬಾರನ್ನು ನಡೆಸಿದನು. ಟೆಂಪಲ್ ಎಂಬ ಅಧಿಕಾರಿಯು ಮದರಾಸಿನ ಬರಗಾಲದ ಕೆಲಸಗಳಲ್ಲಿ ಮಣ್ಣು ಹೊರುವವರ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅಲ್ಪ ಕಾಸು ಎಂಬಷ್ಟಕ್ಕೆ ಇಳಿಸಿದನು. ಅದೇ ಕಾಲದಲ್ಲಿ ಭಾರತದ ಧಾನ್ಯವು ಹಡಗೇರಿ ಹೊರದೇಶಕ್ಕೆ ಹೋಗುತ್ತಿತ್ತು. ಈ ದೇಶದಲ್ಲಿ ಅನ್ನಕ್ಕಿಂತ ಜನ ವೇಗವಾಗಿ ಬೆಳೆಯುವ ಸ್ವಭಾವವುಂಟೆಂದು ಲಿಟ್ಟನನು ಶಾಸನಸಭೆಯಲ್ಲಿ ಸಮಾಧಾನ ಹೇಳಿದನು. ಗುರುವು ಗತಿಸಿ ನಾಲ್ಕು ದಶಕಗಳಾಗಿದ್ದುವು. ಪಾಠವು ಮಾತ್ರ ಜೀವದಿಂದಿತ್ತು.

ಇದಕ್ಕೆಲ್ಲ ಮಾಲ್ಥಸನೇ ಹೊಣೆಯೆಂದು ನಾವು ಹೇಳುವುದಿಲ್ಲ. ಹಸಿದವರನ್ನು ಸಾಯಬಿಡಿರೆಂದು ಆತನು ಐರ್ಲೆಂಡಿಗಾಗಲಿ ಭಾರತಕ್ಕಾಗಲಿ ವಿಧಿಸಿದವನಲ್ಲ. ಬಡವರ ಮಕ್ಕಳಿಗೆ ದೇಶದಾದ್ಯಂತ ಶಾಲೆಗಳಿರಬೇಕೆಂದು ವಾದಿಸಿದವರಲ್ಲಿ ಆತನೂ ಒಬ್ಬನು. ಕೊಳ್ಳುವವರ ಕೈಯಲ್ಲಿ ಹಣವಿಲ್ಲದಿದ್ದರೆ ಸರಕುಗಳು ಬಿಕರಿಯಾಗದೆ ಕೊಳೆಯುವುವು, ಉದ್ಯೋಗ ನಿಲ್ಲುವುದು ಎಂದು 1820ರ ತನ್ನ ಅರ್ಥಶಾಸ್ತ್ರ ಗ್ರಂಥದಲ್ಲಿ ಆತನು ತೋರಿಸಿದನು. ಒಂದು ಶತಮಾನ ಕಳೆದ ಮೇಲೆ ಕೇನ್ಸ್ ಪಂಡಿತನು ಈ ಮಾತಿಗಾಗಿ ಆತನನ್ನು ಬಹುವಾಗಿ ಕೊಂಡಾಡಿದನು. ಆದರೆ ಸಿದ್ಧಾಂತವು ಗುರುವಿನ ಕೈಯಿಂದ ಅಧಿಕಾರಿಯ ಕೈಗೆ ಹೋದಾಗ, ಅದರ ಎಚ್ಚರಿಕೆಗಳು ಉದುರಿ ಅನುಕೂಲವಾದ ಭಾಗವು ಮಾತ್ರ ಉಳಿಯುವುದು ಲೋಕರೂಢಿ. ಬಡವನ ಹಸಿವಿಗೆ ಬಡವನ ಮಕ್ಕಳೇ ಕಾರಣರೆಂಬ ಮಾತು ಆಳುವವರಿಗೆ ಎಷ್ಟು ಅನುಕೂಲವಾದುದೆಂಬುದನ್ನು ನಾವು ಹೇಳಬೇಕಾಗಿಲ್ಲ.

1834ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬಡವರ ಶಾಸನವನ್ನು ಕಠಿಣಗೊಳಿಸಿತು. ಅದರ ಹಿಂದೆ ಮಾಲ್ಥಸನ ವಾದದ ನೆರಳಿತ್ತು. ಅದೇ ವರ್ಷ ಆತನು ಲಂಡನ್ನಿನ ಅಂಕಿಅಂಶಗಳ ಸಂಘದ ಸ್ಥಾಪಕರಲ್ಲಿ ಒಬ್ಬನಾದನು. ಅದೇ ವರ್ಷದ ಡಿಸೆಂಬರಿನಲ್ಲಿ, ಬಾತ್ ಪಟ್ಟಣದಲ್ಲಿ, ತನ್ನ 68ನೆಯ ವಯಸ್ಸಿನಲ್ಲಿ ದೈವಾಧೀನನಾದನು. ನಾಲ್ಕು ವರ್ಷಗಳ ಮೇಲೆ ಡಾರ್ವಿನನು ಆತನ ಪ್ರಬಂಧವನ್ನು ಓದಿ ಜೀವವಿಕಾಸದ ತತ್ತ್ವಕ್ಕೆ ಕೀಲಿಕೈಯನ್ನು ಪಡೆದನೆಂಬುದು ಪ್ರಸಿದ್ಧವಾಗಿದೆ.

ಗುರುವು ಪಾಪವೆಂದುದನ್ನು ಅನುಯಾಯಿಗಳು ಪುಣ್ಯವೆಂದರು. ಆತನು ಬದುಕಿರುವಾಗಲೇ, 1822ರಲ್ಲಿ, ದರ್ಜಿಯ ಕಸುಬಿನ ಫ್ರಾನ್ಸಿಸ್ ಪ್ಲೇಸ್ ಎಂಬವನು, ಬಡವರಿಗೆ ಬ್ರಹ್ಮಚರ್ಯವನ್ನು ಬೋಧಿಸುವುದು ವ್ಯರ್ಥ, ಗರ್ಭನಿರೋಧದ ಉಪಾಯವನ್ನು ತಿಳಿಸಬೇಕು ಎಂದು ಬರೆದನು. ಹದಿನೈದು ಮಕ್ಕಳ ತಂದೆಯಾಗಿದ್ದ ಆತನಿಗೆ ಅನುಭವವೇ ಗುರು. 1877ರಲ್ಲಿ ಇಂತಹುದೊಂದು ಪುಸ್ತಕವನ್ನು ಪ್ರಕಟಿಸಿದ್ದಕ್ಕಾಗಿ ಬ್ರ್ಯಾಡ್ಲಾ ಎಂಬವನೂ ಶ್ರೀಮತಿ ಆನಿ ಬೆಸೆಂಟರೂ ಲಂಡನ್ನಿನಲ್ಲಿ ವಿಚಾರಣೆಗೆ ಗುರಿಯಾದರು. ಆರು ತಿಂಗಳ ಶಿಕ್ಷೆಯು ಅಪೀಲಿನಲ್ಲಿ ರದ್ದಾಯಿತು. ಆದರೆ ಆ ತಾಯಿಯಿಂದ ಮಗಳನ್ನು ನ್ಯಾಯಾಲಯವು ಕಸಿದುಕೊಂಡಿತು. ಮುಂದೆ 1917ರಲ್ಲಿ ನಮ್ಮ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದ ಬೆಸೆಂಟರು ಇವರೇ. 1930ರಲ್ಲಿ ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಿತು; ಸರಕಾರವೇ ನಡೆಸಿದ ಇಂತಹ ಕೇಂದ್ರಗಳಲ್ಲಿ ಇವು ಲೋಕದಲ್ಲಿಯೇ ಮೊದಲನೆಯವೆಂದು ಎಣಿಸಲ್ಪಟ್ಟಿವೆ. 1935ರಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಎಂಬಾಕೆ ವಾರ್ಧಾಕ್ಕೆ ಬಂದು ವಾದಿಸಿದಾಗ, ಮಹಾತ್ಮರು ಸಂಯಮವನ್ನೇ ಎತ್ತಿಹಿಡಿದರು. ಹಳೆಯ ಪಾದ್ರಿಗೆ ಆ ಸಂವಾದದಲ್ಲಿ ಸಮೀಪನಾದವರು ಮಹಾತ್ಮರೇ ಎಂಬುದು ವಿಚಿತ್ರವಾದರೂ ನಿಜ. 1952ರಲ್ಲಿ ಸ್ವತಂತ್ರ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರಕಾರ್ಯವನ್ನಾಗಿ ಅಂಗೀಕರಿಸಿತು; ಇಡೀ ದೇಶಕ್ಕೆ ಅಂತಹ ಯೋಜನೆಯನ್ನು ಮಾಡಿದುದರಲ್ಲಿ ನಾವೇ ಮೊದಲಿಗರು.

ಇನ್ನು ಲೆಕ್ಕವನ್ನು ಪರೀಕ್ಷಿಸೋಣ. 89 ಲಕ್ಷವಿದ್ದ ಇಂಗ್ಲೆಂಡು ಮತ್ತು ವೇಲ್ಸುಗಳ ಜನ 1901ರಲ್ಲಿ 3 ಕೋಟಿ 25 ಲಕ್ಷವಾಯಿತು. ಅವರು ಮೊದಲಿಗಿಂತ ಚೆನ್ನಾಗಿಯೇ ಉಂಡರು. ಆತನ ಕಾಲದಲ್ಲಿ ನೂರು ಕೋಟಿಯ ಆಸುಪಾಸಿನಲ್ಲಿದ್ದ ಲೋಕದ ಜನ 2022ರಲ್ಲಿ ಎಂಟು ನೂರು ಕೋಟಿಯನ್ನು ಮುಟ್ಟಿತು. ನಮ್ಮಲ್ಲಿ 1951ರಲ್ಲಿ 36 ಕೋಟಿಯಿದ್ದವರು 2023ರ ಹೊತ್ತಿಗೆ 140 ಕೋಟಿಯನ್ನು ದಾಟಿದೆವು, ಎಂದರೆ ಸುಮಾರು ನಾಲ್ಮಡಿ. ಅದೇ ಅವಧಿಯಲ್ಲಿ ಆಹಾರಧಾನ್ಯವು 5 ಕೋಟಿ ಟನ್ನಿನಿಂದ 33 ಕೋಟಿ ಟನ್ನಿನ ಸಮೀಪಕ್ಕೆ, ಎಂದರೆ ಆರೂವರೆ ಮಡಿಯಷ್ಟಾಯಿತು. ನೀರಾವರಿ, ಗೊಬ್ಬರ, ಹೊಸ ಬಿತ್ತನೆಯ ಬೀಜ ಇವು ಆತನ ಎರಡನೆಯ ಸಾಲನ್ನು ಅಳಿಸಿಹಾಕಿದುವು. ಮೊದಲನೆಯ ಸಾಲನ್ನು ಅಳಿಸಿದವರು ತಾಯಂದಿರು. 1950ರ ದಶಕದಲ್ಲಿ ಭಾರತದ ಒಬ್ಬ ಸ್ತ್ರೀಗೆ ಸರಾಸರಿ ಆರರ ಸಮೀಪ ಮಕ್ಕಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.0, ನಮ್ಮ ಕರ್ನಾಟಕದಲ್ಲಿ 1.7. ಅಷ್ಟಪುತ್ರವತಿಯಾಗೆಂದು ಹರಸುವ ಹಿರಿಯರು ಇಂದೂ ಇದ್ದಾರೆ. ಆ ಹರಕೆಯನ್ನು ಸ್ವೀಕರಿಸುವ ಸೊಸೆಯರು ಕಾಣರು. ಹಾಗೆಯೇ, 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು ಮೂವತ್ತು ಲಕ್ಷ ಜನ ಸತ್ತುದು ಅಕ್ಕಿಯು ಇಲ್ಲದ್ದರಿಂದಲ್ಲ, ಅದನ್ನು ಕೊಳ್ಳುವ ಶಕ್ತಿ ಕೂಲಿಕಾರನಿಗೆ ತಪ್ಪಿದ್ದರಿಂದ ಎಂಬುದನ್ನು ಅಮರ್ತ್ಯ ಸೇನರು 1981ರಲ್ಲಿ ಅಂಕಿಗಳಿಂದಲೇ ತೋರಿಸಿದರು.

ಹಾಗೆಂದು ಮಾಲ್ಥಸನು ಕೇಳಿದ ಪ್ರಶ್ನೆಯು ಹುಸಿಯೆಂದು ತಿಳಿಯಲಾಗದು. ಮಿತವಾದ ಸಂಸಾರದಲ್ಲಿ ಹೆರುವವಳ ಆರೋಗ್ಯವೂ ಮಗುವಿನ ಹಾಲೂ ಓದೂ ಹೆಚ್ಚುವುವೆಂಬುದು ಪ್ರತಿಯೊಂದು ಬೀದಿಯಲ್ಲಿ ಕಾಣುವ ಸತ್ಯ. ಭೂಮಿಯೂ ನೀರೂ ಎಲ್ಲೆಯಿಲ್ಲದವುಗಳಲ್ಲ. ಆದರೆ ಸಂಸಾರವು ಯಾವುದರಿಂದ ಮಿತವಾಗುವುದು ಎಂಬಲ್ಲಿ ಆತನು ಎಡವಿದನು. ಹಸಿವಿನ ಹೆದರಿಕೆಯಿಂದ ಅದು ಮಿತವಾಗಲಿಲ್ಲ. ಹುಟ್ಟಿದ ಮಗು ಬದುಕುವುದೆಂಬ ಭರವಸೆಯಿಂದಲೂ, ಹೆಣ್ಣುಮಕ್ಕಳ ವಿದ್ಯೆಯಿಂದಲೂ ಮಿತವಾಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮಲ್ಲಿ ಸಾವಿರ ಕೂಸುಗಳಲ್ಲಿ ಸುಮಾರು 146 ವರ್ಷ ತುಂಬುವ ಮೊದಲೇ ಸಾಯುತ್ತಿದ್ದುವು. 2020ರಲ್ಲಿ ಆ ಸಂಖ್ಯೆ 28. ಆರನ್ನು ಹೆತ್ತು ಮೂರನ್ನು ಉಳಿಸಿಕೊಳ್ಳುವ ತಾಯಿಗೆ ಮಿತಸಂತಾನದ ಉಪದೇಶವು ಹೇಗೆ ಹಿಡಿಸೀತು? ಹೆಣ್ಣುಮಕ್ಕಳನ್ನು ಓದಿಸಿ, ಆಸ್ಪತ್ರೆಗಳನ್ನು ಹಳ್ಳಿಗೆ ಒಯ್ದ ಕೇರಳವು ಯಾವ ಬಲಾತ್ಕಾರವೂ ಇಲ್ಲದೆ ಮೊದಲು ಗುರಿಯನ್ನು ಮುಟ್ಟಿತು. ಇದಕ್ಕೆ ಪ್ರತಿಯಾಗಿ ತುರ್ತುಪರಿಸ್ಥಿತಿಯ 1976–77ನೆಯ ಸಾಲಿನಲ್ಲಿ ಸುಮಾರು 83 ಲಕ್ಷ ಜನರಿಗೆ ಶಸ್ತ್ರಚಿಕಿತ್ಸೆಯಾಯಿತು. ಬಹುಕಡೆ ಅಂಜಿಕೆಯೂ ಆಮಿಷವೂ ಬಲಾತ್ಕಾರವೂ ಅದನ್ನು ನಡೆಸಿದುವು. ಗುರಿ ತಲಪದ ನೌಕರನ ಸಂಬಳಕ್ಕೂ ಕುತ್ತು ಬಂದಿತು. 1977ರ ಚುನಾವಣೆಯಲ್ಲಿ ಜನರು ಉತ್ತರ ಕೊಟ್ಟರು. ಅಂದಿನಿಂದ ಗಂಡಸರು ಹಿಂದೆ ಸರಿದು ಹೊರೆಯೆಲ್ಲ ಹೆಂಗಸಿನ ಮೇಲೆ ಬಿದ್ದಿತು: 2019–21ರ ಸಮೀಕ್ಷೆಯಂತೆ ವಿವಾಹಿತ ದಂಪತಿಗಳಲ್ಲಿ ಸ್ತ್ರೀಯ ಸಂತಾನಹರಣ ಚಿಕಿತ್ಸೆಯನ್ನು ಅವಲಂಬಿಸಿದವರು ನೂರಕ್ಕೆ ಸುಮಾರು 38, ಪುರುಷನ ಚಿಕಿತ್ಸೆಯನ್ನು ಅವಲಂಬಿಸಿದವರು ನೂರಕ್ಕೆ ಅರ್ಧವೂ ಇಲ್ಲ.

ಈಗ ಗಾಳಿಯು ತಿರುಗಿದೆ. ಮಕ್ಕಳು ಸಾಲದೆಂದು, ಹೆಚ್ಚು ಹೆರಬೇಕೆಂದು 2024ರಲ್ಲಿ ದಕ್ಷಿಣದ ಕೆಲವು ಮುಖಂಡರು ಹೇಳಿದುದನ್ನು ವಾಚಕರು ಬಲ್ಲರು. ನಮ್ಮ ಅಭಿಪ್ರಾಯದಲ್ಲಿ ನಿನ್ನೆಯ ಕಡಿಮೆಮಾಡಿರೆಂಬ ಆಜ್ಞೆಗೂ ಇಂದಿನ ಹೆಚ್ಚಿಸಿರೆಂಬ ಕರೆಗೂ ಬೇರು ಒಂದೇ: ಮನುಷ್ಯನನ್ನು ಅಂಕಿಯಾಗಿ ಕಾಣುವುದು. ಮಾಲ್ಥಸನು ಸಜ್ಜನನೂ ಸತ್ಯಾನ್ವೇಷಿಯೂ ಆಗಿದ್ದರೂ ಈ ಒಂದು ದೋಷದಿಂದಲೇ ಆತನ ವಿದ್ಯೆಯು ದುರ್ಬಲರ ತಲೆಯ ಮೇಲೆ ಬಿದ್ದಿತು. ಅಧಿಕಾರದಲ್ಲಿರುವ ನಮ್ಮ ವಾಚಕರು ಜನ ಹೆಚ್ಚಾದರೆಂದು ಇನ್ನೊಮ್ಮೆ ಬರೆಯುವ ಮುನ್ನ, ತಮ್ಮ ತಾಲ್ಲೂಕಿನ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯುಂಟೇ, ಹೆಣ್ಣುಮಕ್ಕಳ ಹೈಸ್ಕೂಲು ನಡಿಗೆಯ ದೂರದಲ್ಲುಂಟೇ, ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಸರಿಯುಂಟೇ ಎಂದು ವಿಚಾರಿಸಲಿ. ಈ ಮೂರೂ ಸರಿಯಾಗಿರುವ ಊರಿನಲ್ಲಿ ಸಂಸಾರದ ಅಳತೆಯನ್ನು ಗಂಡಹೆಂಡಿರೇ ಬಲ್ಲರು.